ಮಾವನ ಮುಂದೆ ಅಡಿಗುನ್ ಹಾಕಿದ ಉದ್ದಂಡ ನಮಸ್ಕಾರ

ಇಸೇಯಿನ್ ಊರು ಹುಟ್ಟಿದ ಮೇಲೆ ಯಾವ ಅಳಿಯನೂ ಹಾಕಿರದಂಥ ಉದ್ದಂಡ ನಮಸ್ಕಾರವೊಂದನ್ನು ಮಾವನಿಗೆ ಹಾಕಿಯೇ ತೀರುತ್ತೇನೆಂದು ನೇಕಾರ ಅಡಿಗುನ್ ಗುರುವಾರ ಬೆಳಿಗ್ಗೆ ಮುಖ ತೊಳೆಯುವ ಮೊದಲೇ ಪಣ ತೊಟ್ಟ.

"ಹೊಟ್ಟೆ, ಎದೆ, ಗಲ್ಲ, ಮೂಗು, ನಾಲ್ಕೂ ನೆಲಕ್ಕೆ ತಾಗಬೇಕು. ನೋಡಿದೋರು ಮೊಮ್ಮಕ್ಕಳಿಗೆ ಹೇಳ್ಕೋಬೇಕು, ಹಂಗೆ ಹಾಕ್ತೀನಿ," ಎಂದ.

"ಮೊದಲು ಚಪ್ಪಲಿ ಹಾಕ್ಕೊಳ್ಳಿ, ನೋಡೋಣ," ಎಂದಳು ಹೆಂಡತಿ ಅಬೇಕೆ.

ತೊಡಕು ಇದ್ದದ್ದೇ ಅಲ್ಲಿ. ನಲವತ್ತು ವರ್ಷ ಮಗ್ಗದ ಮೇಲೆ ಕೂತ ಬೆನ್ನು ಹೋದ ತಿಂಗಳು ಇದ್ದಕ್ಕಿದ್ದಂತೆ ಹಿಡಿದುಕೊಂಡು, ಸಿಕ್ಕುಬಿದ್ದ ಹಾಸುನೂಲಿನ ಹಾಗೆ ಬಿಗಿದು ಕೂತಿತ್ತು. ಚಪ್ಪಲಿ ಹಾಕಬೇಕಾದರೆ ಅಡಿಗುನ್ ಚಪ್ಪಲಿಯ ಕಡೆ ಬಗ್ಗುತ್ತಿರಲಿಲ್ಲ. ಕಾಲಿನಿಂದ ಅದನ್ನು ಅಟ್ಟಾಡಿಸಿ, ಗೋಡೆಗೆ ಒತ್ತಿ ಹಿಡಿಯುತ್ತಿದ್ದ.

ಈಸ್ಟರ್ ಹಬ್ಬಕ್ಕೆ ಅಡಿಗುನ್ ಮನೆಗೆ ಮಾವ ಅಜಾನಿ ಬಂದಿದ್ದರು. ಎಂಬತ್ತು ದಾಟಿದ ಮುದುಕ, ಬೇಟೆಗಾರರ ಸಂಘದ ಹಿರಿಯ, ಕಡ್ಡಿಯಂಥ ಮನುಷ್ಯ. ಅಳಿಯನಾದವನು ಮಾವನನ್ನು ಕಂಡೊಡನೆ ನೆಲದ ಮೇಲೆ ಉದ್ದಕ್ಕೆ ಮಲಗಬೇಕು, ಅವರು ಏಳು ಎಂದ ಮೇಲೆ ಏಳಬೇಕು. ಅಡಿಗುನ್ ಮಾತ್ರ ನಿಂತಲ್ಲಿಂದಲೇ ಒಂದು ಬೆರಳನ್ನು ನೆಲದ ಕಡೆ ಚಾಚಿ ಕೈತೊಳೆದುಕೊಂಡಿದ್ದ.

"ಸೈಕಲ್ಲಿಗೆ ಪಂಕ್ಚರ್ ಹಾಕೋನಿಗೂ ಇದಕ್ಕಿಂತ ಹೆಚ್ಚು ಬಾಗ್ತಾರೆ," ಎಂದು ಮುದುಕ ಎದ್ದರು. ಬಿಸಿ ಬಿಸಿ ಅಮಾಲ ಮುದ್ದೆ ತಟ್ಟೆಯಲ್ಲೇ ಆರಿತು. ಮರುದಿನ ಹೇಳಿಕಳಿಸಿದರು: ಅಳಿಯನ ಹೊಟ್ಟೆ ನನ್ನ ಮನೆಯ ನೆಲಕ್ಕೆ ತಾಗುವವರೆಗೆ ಮೊಮ್ಮಗಳ ನಿಶ್ಚಿತಾರ್ಥಕ್ಕೆ ನಾನು ಬರುವುದಿಲ್ಲ.

ನಿಶ್ಚಿತಾರ್ಥ ಶನಿವಾರ. ಅಜ್ಜ ತಲೆಯ ಮೇಲೆ ಕೈ ಇಡದೆ ತಾನು ಹಸೆಗೆ ಬರುವುದಿಲ್ಲವೆಂದು ಮಗಳು ರೋನ್ಕೆ ಮೂರು ದಿನದಿಂದ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

"ಬೆನ್ನು ಹಿಡಿದಿದೆ ಅಂತ ಅಪ್ಪನಿಗೆ ಒಂದು ಮಾತು ಹೇಳಿಬಿಟ್ರೆ ಮುಗೀತಲ್ಲ," ಎಂದಳು ಅಬೇಕೆ, ನೂರನೆಯ ಸಲ.

"ಹೆಂಗೆ ಹೇಳಲಿ? ಕ್ರಿಸ್‌ಮಸ್‌ನಲ್ಲಿ ಅವರು ಮಂಡಿನೋವು ಅಂತ ನರಳ್ತಿದ್ದಾಗ, ನಾಲ್ಕು ದಿನ ಮಗ್ಗದ ಮೇಲೆ ಕೂತರೆ ಈ ಸೋಗೆಲ್ಲ ಓಡಿಹೋಗುತ್ತೆ ಅಂತ ಹತ್ತು ಜನರ ಮುಂದೆ ಅಂದಿದ್ದೀನಿ. ಈಗ ಹೋಗಿ ಬೆನ್ನು ಅಂದ್ರೆ ನಗಲ್ವೆ?"

"ನಗಲಿ ಬಿಡಿ. ನಕ್ಕರೆ ನಿಮ್ಮ ಬೆನ್ನೇನು ಮುರಿಯುತ್ತಾ?"

ಅಡಿಗುನ್ ಅಂಗಿ ತಡವಿ ನೋಡಿಕೊಂಡ. ಅವನ ಅಂಗಿಯ ಜೇಬಿನಲ್ಲಿ ಉತ್ತರ ಬೇರೆಯೇ ಇತ್ತು. ಹಿಂದಿನ ದಿನ ಆರೋಗ್ಯ ಕೇಂದ್ರದ ಡಾಕ್ಟರು ಬಿಗಿದ ಮಾಂಸಖಂಡ ಸಡಿಲಿಸುವ ಮಾತ್ರೆ ಬರೆದುಕೊಟ್ಟಿದ್ದರು. ನರ್ಸಮ್ಮ ಮಗುವಿಗೆ ಹೇಳುವ ಹಾಗೆ ಬೆರಳು ಮಡಚಿ ಮಡಚಿ ಹೇಳಿದ್ದಳು: "ರಾತ್ರಿ ಮಲಗುವಾಗ ಒಂದೇ ಒಂದು, ಬಾಬಾ. ಹಗಲು ಬೇಡ, ತೂಕಡಿಕೆ ಬರುತ್ತೆ. ನುಂಗಿದ ಮೇಲೆ ಬೈಕು ಮುಟ್ಟಬೇಡಿ, ಮಗ್ಗ ಹತ್ತಬೇಡಿ. ಹೆಂಡದ ವಾಸನೆಯೂ ಬೇಡ. ನೋವು ಇಳೀಲಿಲ್ಲ ಅಂತ ಇನ್ನೊಂದು ನುಂಗಬೇಡಿ, ಇಲ್ಲಿಗೆ ಬನ್ನಿ. ಮನೇಲಿ ಬೇರೆ ಯಾರಿಗೂ ಕೊಡಬೇಡಿ."

ಅಡಿಗುನ್ ಎಲ್ಲಕ್ಕೂ ತಲೆ ಆಡಿಸಿದ್ದ. ತಲೆ ಆಡಿಸುವುದಕ್ಕೆ ಬೆನ್ನು ಬೇಕಾಗಿರಲಿಲ್ಲವಲ್ಲ.

ಮಾವನ ಮುಂದೆ ಕಾಣಿಕೆಯಾಗಿ ಇಡುವ ಕೋಲಾ ಕಾಯಿ ತರಲು ಅಬೇಕೆ ಸಂತೆಗೆ ಹೋದಳು. ಮನೆಯಲ್ಲಿ ಅಡಿಗುನ್ ಒಬ್ಬನೇ. ಕೂತ, ಎದ್ದ. ಬಾಗಿಲಿಗೆ ಹೋಗಿ ಬಿಸಿಲು ನೋಡಿದ. ಮಾವನಿಗೆಂದು ತಾನೇ ನೇಯ್ದ ಬಟ್ಟೆಯನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಒಂದು ಕಡೆ ನಿಲ್ಲುವ ಜಾಯಮಾನ ಅವನದಲ್ಲ. ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಲಾಳಿಯ ಸಹವಾಸದಲ್ಲಿ ಬೆಳೆದವನು ಲಾಳಿಯಂತೆಯೇ ಆಗಿದ್ದ. ಹಿಂದಿನ ರಾತ್ರಿ ಅಬೇಕೆಯ ಎದುರಿಗೆ ಒಂದು ಮಾತ್ರೆ ನುಂಗಿದ್ದ. ಹಾಗೆ ಮಲಗುವಾಗ ನುಂಗಿದರೆ ಬೆನ್ನು ಸಡಿಲಾಗುವುದು ಹಾಸಿಗೆಯಲ್ಲಿ. ತಾನು ಬರುವ ಸುದ್ದಿ ಕೇಳಿ ಮಾವ ಕಾಯುತ್ತಿರುವುದು ಇವತ್ತು ಹನ್ನೊಂದು ಗಂಟೆಗೆ, ಅವರ ಅಂಗಳದಲ್ಲಿ. ಈ ಸರಳ ಲೆಕ್ಕ ಓದಿದವರಿಗೇಕೆ ಹೊಳೆಯಲಿಲ್ಲವೋ ಎಂದು ಮರುಗುತ್ತ ಒಂದು ಮಾತ್ರೆ ನುಂಗಿದ.

ಕಾಲು ಗಂಟೆ ಕಾದ. ಅಂದರೆ ಮನೆಯ ಸುತ್ತ ಒಂಬತ್ತು ಸುತ್ತು ಹಾಕಿದ. ಬಾಗಿಲ ಚೌಕಟ್ಟು ಹಿಡಿದು ಬಗ್ಗಿ ನೋಡಿದ. ಬೆನ್ನು ಕದಲಲಿಲ್ಲ.

"ಒಂಟಿ ಎಳೆ ಹಾಕಿದ ಬಟ್ಟೆ ಬೇರೆ, ಜೋಡಿ ಎಳೆ ಹಾಕಿದ್ದು ಬೇರೆ," ಎಂದು ತನಗೆ ತಾನೇ ನೇಕಾರಿಕೆಯ ಪಾಠ ಹೇಳಿಕೊಂಡು ಎರಡನೆಯದನ್ನೂ ನುಂಗಿದ.

ಅಬೇಕೆ ಬಂದಾಗ ಗಂಡ ಹೊಸ ಅಂಗಿ ತೊಟ್ಟು, ಬೈಕಿನ ಪಕ್ಕದಲ್ಲಿ ನಿಂತು ಸುಮ್ಮನೆ ನಗುತ್ತಿದ್ದ.

"ಮಾತ್ರೆ ನುಂಗಿದ್ರಾ?"

"ಮಾತ್ರೆ ಯಾಕೆ, ಗಂಡಸಾದೋನಿಗೆ?" ಎಂದು ಬೈಕಿಗೆ ಒದ್ದ. ಕಾಲು ಬೈಕಿಗೆ ತಾಗಲಿಲ್ಲ. ಇನ್ನೊಮ್ಮೆ ಒದ್ದ. ಈ ಸಲ ಕಾಲು ಅತ್ತ ಹೋಯಿತು, ಚಪ್ಪಲಿ ಇತ್ತ ಹೋಯಿತು. "ಪೆಟ್ರೋಲ್ ಇಲ್ಲ," ಎಂದ ಗಂಭೀರವಾಗಿ. ಹಾಗೆ ಅಂದದ್ದೇ ಆ ದಿನ ಅವನು ಮಾಡಿದ ಒಂದೇ ಒಂದು ಜಾಣತನ.

ಬಾಡಿಗೆ ಬೈಕಿನವನ ಹಿಂದೆ ಅಡಿಗುನ್, ಅಡಿಗುನ್ ಹಿಂದೆ ಅಬೇಕೆ. ಎರಡು ಬೀದಿ ದಾಟುವಷ್ಟರಲ್ಲಿ ಅಡಿಗುನ್ ತಲೆ ಮುಂದಿನವನ ಹೆಗಲಿಗೆ ಬಂತು.

"ಬಾಬಾ, ನಾನೇನು ನಿಮ್ಮ ದಿಂಬಾ?" ಎಂದ ಬೈಕಿನವನು.

"ಓಡಿಸು ಓಡಿಸು. ಮಾವನ ಮನೆಗೆ ಹೋಗೋ ಮರ್ಯಾದೆಗೆ ತಲೆ ತಗ್ಗಿಸಿದ್ದೀನಿ," ಎಂದ ಅಡಿಗುನ್, ಕಣ್ಣು ಮುಚ್ಚಿಕೊಂಡೇ. ಅಬೇಕೆ ಅವನ ಸೊಂಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಳು.

ಅಜಾನಿ ಅಂಗಳದ ನಡುವೆ ಎತ್ತರದ ಕುರ್ಚಿಯಲ್ಲಿ ಕೂತಿದ್ದರು. ಸಾಕ್ಷಿಗೆ ಬೇಟೆಗಾರರ ಸಂಘದ ನಾಲ್ಕು ಮುದುಕರು. ಅಳಿಯನನ್ನು ಸುಲಭಕ್ಕೆ ಎಬ್ಬಿಸಬಾರದು, ಸೊಂಟ ನೋಯುವಷ್ಟು ಹೊತ್ತು ಮಲಗಿಸಿಡಬೇಕು ಎಂದು ಅವರೆಲ್ಲ ಮೊದಲೇ ಮಾತಾಡಿಕೊಂಡಿದ್ದರು.

ಅಡಿಗುನ್ ಮೂರು ಹೆಜ್ಜೆ ಮುಂದೆ ಬಂದು ಇಳಿದ. ಬಗ್ಗಲಿಲ್ಲ, ಬೀಳಲಿಲ್ಲ, ಮಗ್ಗದಿಂದ ಜಾರುವ ರೇಷ್ಮೆಯ ಹಾಗೆ ಇಳಿದ. ಹೊಟ್ಟೆ ತಾಗಿತು, ಎದೆ ತಾಗಿತು, ಗಲ್ಲ ತಾಗಿತು. ತಣ್ಣನೆಯ ಸಿಮೆಂಟು ಕೆನ್ನೆಗೆ ಎಷ್ಟು ಹಿತವಾಗಿತ್ತೆಂದರೆ, ಮೂಗನ್ನು ತಾಗಿಸುವ ಶ್ರಮವೇ ಬೇಡವೆನಿಸಿತು.

"ಆಹಾ," ಎಂದರು ಮುದುಕರಲ್ಲೊಬ್ಬರು, ತಡೆಯಲಾರದೆ.

ಅಜಾನಿ ಮೀಸೆ ತೀಡುತ್ತ, ಅಳಿಯನನ್ನು ಎಬ್ಬಿಸುವ ಮೊದಲು ಹಾಡುವ ಅವನ ಮನೆತನದ ಹೊಗಳಿಕೆಯನ್ನು ಏಳು ತಲೆಮಾರಿನಿಂದ ಶುರುಮಾಡಿ ನಿಧಾನವಾಗಿ ಹಾಡಿದರು. ಅಳಿಯ ಮಿಸುಕಲಿಲ್ಲ. ಬೇಕೆಂದೇ ಒಮ್ಮೆ ಕೆಮ್ಮಿ, ಅವನ ತಾಯಿಯ ಕಡೆಯ ಹೊಗಳಿಕೆಯನ್ನೂ ಹಾಡಿದರು. ಮಿಸುಕಲಿಲ್ಲ.

"ಸರಿ, ಏಳು," ಎಂದರು.

ಅಡಿಗುನ್ ಏಳಲಿಲ್ಲ.

"ಏಳಪ್ಪ, ಸಾಕು."

"ಪಶ್ಚಾತ್ತಾಪ ಅಂದ್ರೆ ಇದು," ಎಂದು ಪಿಸುಗುಟ್ಟಿದರು ಇನ್ನೊಬ್ಬ ಮುದುಕ. "ಏಳು ಅಂದ್ರೂ ಏಳಲ್ಲ. ನಮ್ಮ ಕಾಲದಲ್ಲೂ ಇಂಥಾ ಅಳಿಯ ಇರಲಿಲ್ಲ."

 ಕಡ್ಡಿಯಂಥ ಮನುಷ್ಯ ಅಜಾನಿ ಕುರ್ಚಿಯಿಂದ ಇಳಿದು, ಮಂಡಿನೋವನ್ನೂ ಲೆಕ್ಕಿಸದೆ ನೆಲಕ್ಕೆ ಕೂತರು. "ಮಗನೇ, ತಪ್ಪು ನಂದು. ಒಂದು ನಮಸ್ಕಾರಕ್ಕಾಗಿ ಮೊಮ್ಮಗಳ ಕಣ್ಣಲ್ಲಿ ನೀರು ಹಾಕಿಸಿದೆ. ನನ್ನನ್ನ ಕ್ಷಮಿಸ್ತೀಯಾ?"

ಅಂಗಳವೆಲ್ಲ ಉಸಿರು ಬಿಗಿಹಿಡಿದು ಕಾಯಿತು. ಆ ಮೌನದಲ್ಲಿ ಸಣ್ಣದೊಂದು ಗೊರಕೆ ಕೇಳಿತು.

ಅಬೇಕೆ ಜೋರಾಗಿ ಕೆಮ್ಮಿದಳು. ಗೊರಕೆ ಅದಕ್ಕಿಂತ ಜೋರಾಯಿತು. ಅಜಾನಿ ಬಾಯಿ ಮುಚ್ಚಿ, ಬಿದ್ದ ಕಾಡುಹಂದಿ ಸತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸುವ ಹಾಗೆ ಊರುಗೋಲಿನ ತುದಿಯಿಂದ ಅಳಿಯನ ಪಕ್ಕೆಯನ್ನು ತಿವಿದರು.

ಅಡಿಗುನ್ ಅರ್ಧ ಕಣ್ಣು ತೆರೆದ. "ರೋನ್ಕೆ ಅವ್ವ," ಎಂದು ತೊದಲಿದ, "ಆ ಮುದುಕ ಬಂದ್ರೆ ನಾನು ಮನೇಲಿಲ್ಲ ಅನ್ನು." ಕಣ್ಣು ಮತ್ತೆ ಮುಚ್ಚಿತು.

 ಅಬೇಕೆ ಗಂಡನ ಜೇಬಿಗೆ ಕೈಹಾಕಿ ಮಾತ್ರೆಯ ಹಾಳೆ ತೆಗೆದು ನೋಡಿದಳು. ನಿನ್ನೆ ರಾತ್ರಿ ಖಾಲಿಯಾದದ್ದು ಒಂದು ಗುಳಿ, ಈಗ ಮೂರು. ಅವಳ ಮುಖ ಬಿಳಿಚಿತು.

"ಅಪ್ಪ, ಆಮೇಲೆ ಬೈಯಿ. ಇವರಿಗೆ ಬೆನ್ನು ಹಿಡಿದು ತಿಂಗಳಾಯ್ತು. ನಿನಗೆ ಹೇಳೋಕೆ ನಾಚಿಕೆ. ರಾತ್ರಿ ಒಂದು ನುಂಗೋ ಮಾತ್ರೆ, ಹಗಲಲ್ಲಿ ಎರಡು ನುಂಗಿದ್ದಾರೆ."

ಮುದುಕನ ಕೋಪ ಎಲ್ಲಿ ಹೋಯಿತೋ. "ಬೋರಲು ಬಿಡಬೇಡಿ, ಮಗ್ಗುಲಿಗೆ ಹೊರಳಿಸಿ," ಎಂದರು. "ಕುಡಿಯೋಕೆ ಏನೂ ಹಾಕಬೇಡಿ. ಕಾರು ಕರೀರಿ. ಆ ಹಾಳೆ ಬಿಸಾಡಬೇಡ ಮಗಳೇ, ಡಾಕ್ಟರಿಗೆ ತೋರಿಸಬೇಕು."

ಆರೋಗ್ಯ ಕೇಂದ್ರದಲ್ಲಿ ಡಾಕ್ಟರು ನೋಡಿ, ಪ್ರಾಣಕ್ಕೆ ಭಯವಿಲ್ಲ, ಆದರೆ ಎಚ್ಚರವಾಗುವವರೆಗೆ ಉಸಿರಿನ ಮೇಲೆ ಕಣ್ಣಿಟ್ಟಿರಬೇಕು ಎಂದರು. ನರ್ಸಮ್ಮ ಬಂದು ಬಂದು ನೋಡಿದಳು. ಅವಳ ಜೊತೆ ಅಜಾನಿಯೂ ನೋಡಿದರು. ಪೊದೆಯ ಹಿಂದೆ ಹೊಂಚುಹಾಕಿ ಕೂತ ಬೇಟೆಗಾರನ ಹಾಗೆ, ಅಳಿಯನ ಎದೆ ಏರಿ ಇಳಿಯುವುದನ್ನು ರೆಪ್ಪೆ ಬಡಿಯದೆ ಸಂಜೆಯವರೆಗೂ ನೋಡುತ್ತ ಕೂತರು.

ಅಡಿಗುನ್‌ಗೆ ಎಚ್ಚರವಾದಾಗ ಮೊದಲು ಕಂಡದ್ದು ಆ ಎರಡು ಕಣ್ಣು. ಗಾಬರಿಯಿಂದ ಮಂಚದಿಂದ ಇಳಿದು ನಮಸ್ಕಾರಕ್ಕೆ ಹೊರಟ. ಕಾಲು ಇನ್ನೂ ಅರಳೆಯಂತಿತ್ತು.

"ಬಿದ್ಕೋ," ಎಂದರು ಅಜಾನಿ. "ಬೆನ್ನುನೋವು ಅಂತ ಯಾಕೆ ಹೇಳಲಿಲ್ಲ?"

"ನಿಮ್ಮ ಮಂಡಿನ ಆಡಿಕೊಂಡಿದ್ದೆ, ಮಾವ. ಯಾವ ಬಾಯಲ್ಲಿ ಹೇಳಲಿ?"

"ನುಂಗಿದ ಬಾಯಲ್ಲೇ ಹೇಳಬಹುದಿತ್ತು," ಎಂದರು ಮುದುಕ. ಊರುಗೋಲು ಕೈಗೆತ್ತಿಕೊಳ್ಳುತ್ತ, "ಶನಿವಾರ ಬರ್ತೀನಿ. ಬೆನ್ನು ಸರಿಯಾಗೋವರೆಗೂ ನನಗೆ ನೀನು ನಿಂತೇ ಕೈ ಮುಗಿ. ಮಾತ್ರೆ ಮಾತ್ರ ನನ್ನ ಮಗಳ ಕೈಲಿರಲಿ," ಎಂದು ಎದ್ದು ಹೋದರು.

ಶನಿವಾರ ಬಂದರು. ಅಂಗಳದ ತುಂಬ ಜನ, ಡೋಲು, ಅಡಿಗುನ್ ನೇಯ್ದ ಬಟ್ಟೆಯ ಮಿಂಚು. ರೋನ್ಕೆ ಅಜ್ಜನ ಪಕ್ಕದಲ್ಲಿ ಅಷ್ಟು ದಿನದಲ್ಲಿ ಮೊದಲ ಬಾರಿಗೆ ನಕ್ಕಳು. ಮದುವಣಿಗನೂ ಅವನ ಎಂಟು ಗೆಳೆಯರೂ ಸಾಲಾಗಿ ನಿಂತು, ಹೆಣ್ಣಿನ ಕಡೆಯವರ ಮುಂದೆ ಒಟ್ಟಿಗೆ ಧೊಪ್ಪನೆ ಬೋರಲು ಬಿದ್ದರು. ಹಿರಿಯರು ಅಜಾನಿ, ಏಳಿ ಎನ್ನಬೇಕಾದವರು ಅವರು. ಅವರು ಏನೂ ಎನ್ನಲಿಲ್ಲ. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಒಂದೊಂದೇ ಬೆನ್ನನ್ನು ನೋಡುತ್ತ ಕೂತರು.

ಡೋಲು ನಿಂತಿತು. ಪಕ್ಕದ ಕುರ್ಚಿಯಲ್ಲಿ ಅಡಿಗುನ್ ಚಡಪಡಿಸಿದ. ಕಾಲು ಬದಲಿಸಿದ, ಟೋಪಿ ತೆಗೆದ, ಹಾಕಿದ. ಕೊನೆಗೆ ತಡೆಯಲಾರದೆ ಮಾವನ ಕಿವಿಯ ಹತ್ತಿರ ಬಂದ.

"ಮಾವ, ಪಾಪ, ಹುಡುಗರು. ಏಳಿ ಅನ್ನಬಾರದೇ?"

"ತಾಳು ಅಳಿಯ, ಯಾಕೆ ಅವಸರ," ಎಂದರು ಅಜಾನಿ, ಅಂಗಳಕ್ಕೆಲ್ಲ ಕೇಳುವಂತೆ. "ಇದರಲ್ಲಿ ಎಷ್ಟು ಜನ ಎಚ್ಚರವಾಗಿದ್ದಾರೆ ಅಂತ ಮೊದಲು ನೋಡ್ಕೋತೀನಿ."