ಒಂದು ಮಂಚಕ್ಕೆ ಎಂಟು ಗೋಣಿ

ವಾಸಿಯಾದ ರೋಗಿಯ ಕೈಗೆ ಬಿಲ್ಲು ಕೊಟ್ಟು ನೋಡಿದವನಿಗೆ ಮನುಷ್ಯಕುಲದ ಬಗ್ಗೆ ಬೇರೆ ಪಾಠ ಬೇಕಾಗುವುದಿಲ್ಲ. ನಾನು ಅದನ್ನು ದಿನಕ್ಕೆ ನಾಲ್ಕು ಸಲ ಮಾಡುತ್ತಿದ್ದೆ. ಮದ್ರಾಸಿನಲ್ಲಿ ಅರ್ಥಶಾಸ್ತ್ರ ಓದಿ ಬಿ.ಎ. ಮುಗಿಸಿ ಬಂದವನಿಗೆ ಮಂಗಳೂರಿನಲ್ಲಿ ಸಿಕ್ಕಿದ್ದು ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ಬಿಲ್ಲು ಬರೆಯುವ ಕೆಲಸ. ತಮಾಷೆಯನ್ನು ನಾನು ಹುಡುಕಿಕೊಂಡು ಹೋಗಲಿಲ್ಲ. ಅದೇ ಸಾಲುಗಟ್ಟಿ ನನ್ನ ಮೇಜಿಗೆ ಬರುತ್ತಿತ್ತು, ಹಣದ ಬದಲಿಗೆ.

೧. ಪೇಪರ್‌ವೇಟ್

ನಮ್ಮ ಡಾಕ್ಟರು ಬಾಯಿಬಿಟ್ಟು ಫೀಸು ಕೇಳಿದವರಲ್ಲ. ಅವರ ಮೇಜಿನ ಮೇಲೆ ಗಾಜಿನ ಪೇಪರ್‌ವೇಟ್ ಒಂದಿತ್ತು. ರೋಗಿ ಏಳುವಾಗ ತನಗೆ ಕಂಡಷ್ಟನ್ನು ಅದರ ಅಡಿಯಲ್ಲಿ ಇಡಬೇಕು. ಆ ಹೊತ್ತಿಗೆ ಡಾಕ್ಟರು ಕಿಟಕಿಯ ಕಡೆ ನೋಡಬೇಕು. ಇದು ಮರ್ಯಾದೆಯ ಪದ್ಧತಿ. ಈ ಮರ್ಯಾದೆಯ ಫಲವಾಗಿ ಆಸ್ಪತ್ರೆಯ ಹಿಂದಿನ ಹಾಲಿನ ಬಾಡಿಗೆ ಮುನ್ನೂರು ರೂಪಾಯಿ ಬಾಕಿ ಬಿದ್ದಿತ್ತು. ಆ ಹಾಲೇ ಹೆಂಗಸರ ವಾರ್ಡು, ಆರು ಮಂಚ. ಕಟ್ಟಡದ ಧಣಿಗೆ ಕೊಪ್ಪರದ, ಅಂದರೆ ಒಣಕೊಬ್ಬರಿಯ, ವ್ಯಾಪಾರ. ಬರುವ ಬಿಸು ಹಬ್ಬದೊಳಗೆ ಬಾಕಿ ತೀರದಿದ್ದರೆ ಮಂಚ ಹೊರಗೆ, ಕೊಪ್ಪರ ಒಳಗೆ ಎಂದು ಆತ ಹೇಳಿಯಾಗಿತ್ತು. ನನ್ನನ್ನು ತೆಗೆದುಕೊಂಡದ್ದೇ ಆ ಮುನ್ನೂರನ್ನು ಒಟ್ಟು ಮಾಡಲು.

ಹದಿನೈದು ವರ್ಷಗಳಿಂದ ಆ ವಾರ್ಡನ್ನು ನೋಡಿಕೊಂಡಿದ್ದ ನರ್ಸ್‌ಬಾಯಿ ಮೊದಲ ದಿನವೇ ನನ್ನೆದುರು ನಿಂತರು.

"ರೈಟ್ರೇ, ವಾರ್ಡು ಉಳೀತದಾ? ಬಿಕರ್ನಕಟ್ಟೆ ಇಗರ್ಜಿಗೆ ಮೊಂಬತ್ತಿ ಹರಕೆ ಹೇಳಿದ್ದೇನೆ."

"ಅಲ್ಲಾದರೂ ನಗದು ಕೊಡಿ ಬಾಯಿ, ಬಾಕಿ ಇಡಬೇಡಿ" ಎಂದೆ.

ಪದ್ಧತಿ ಹೇಗೆ ನಡೆಯುತ್ತದೆ ನೋಡೋಣವೆಂದು ಡಾಕ್ಟರ ಕೋಣೆಯಲ್ಲಿ ಒಂದು ಬೆಳಿಗ್ಗೆ ಕುಳಿತೆ. ಹಂಚಿನ ಕಾರ್ಖಾನೆಯ ಕೆಲಸಗಾರನೊಬ್ಬ ಮದ್ದಿನ ಚೀಟಿ ಹಿಡಿದು ಎದ್ದ. ಪೇಪರ್‌ವೇಟನ್ನು ತುಂಬಾ ಹೊತ್ತು ನೋಡುತ್ತ ನಿಂತ.

"ಡಾಕ್ಟ್ರೇ, ಇವತ್ತು ನಾನು ಇಡುವುದಾ, ತೆಗೆಯುವುದಾ?"

ಹಿಂದಿನ ಸಲ ಅವನಲ್ಲಿ ಬಸ್ಸಿಗೆ ದುಡ್ಡಿರಲಿಲ್ಲವಂತೆ, ಡಾಕ್ಟರೇ ಅದರ ಅಡಿಯಿಂದ ಎತ್ತಿ ಕೊಟ್ಟಿದ್ದರಂತೆ. ಈಗ ಡಾಕ್ಟರು ಕಿಟಕಿಯ ಕಡೆ ನೋಡಿದರು.

ಅವನು ತೆಗೆದ.

೨. ನೂರ ತೊಂಬತ್ತೆರಡು ರಶೀದಿ

ನಾನು ಅಚ್ಚು ಹಾಕಿಸಿದ ಬಿಲ್ಲು ತಂದೆ, ರಶೀದಿ ಪುಸ್ತಕ ತಂದೆ. ಅದು ನಯಾಪೈಸೆ ಬಂದ ವರ್ಷ. ಸರಕಾರದ ಲೆಕ್ಕದಲ್ಲಿ ರೂಪಾಯಿಗೆ ನೂರು ಪೈಸೆ, ಆದರೆ ಬಿಡಿ ಆಣೆ ಒಂದಕ್ಕೆ ಆರೇ ಪೈಸೆ. ಹದಿನಾರು ಆಣೆಯನ್ನು ಬಿಡಿಬಿಡಿಯಾಗಿ ಕೊಟ್ಟರೆ ತೊಂಬತ್ತಾರಕ್ಕೆ ರೂಪಾಯಿ ಮುಗಿಯುತ್ತದೆ. ಈ ತೂತು ಇಡೀ ಊರಿನಲ್ಲಿ ಒಬ್ಬನ ಕಣ್ಣಿಗಾದರೂ ಬೀಳಲೇಬೇಕಿತ್ತು. ಬಿದ್ದದ್ದು ಹರ್ನಿಯಾ ಆಪರೇಶನ್ ಆಗಿದ್ದ ನಿವೃತ್ತ ಲೆಕ್ಕದ ಮೇಷ್ಟ್ರ ಕಣ್ಣಿಗೆ.

ಅವರ ಕೊನೆಯ ಕಂತು ಹನ್ನೆರಡು ರೂಪಾಯಿ. ಪೋಸ್ಟಾಫೀಸಿನಲ್ಲಿ ಬದಲಾಯಿಸಿದ ನಯಾಪೈಸೆಯ ಚೀಲವನ್ನು ನನ್ನ ಮೇಜಿನ ಮೇಲೆ ಇಟ್ಟರು.

"ಹನ್ನೆರಡು ರೂಪಾಯಿ ಅಂದರೆ ನೂರ ತೊಂಬತ್ತೆರಡು ಆಣೆ. ನಾನು ಒಂದೊಂದೇ ಆಣೆ ಕೊಡ್ತೇನೆ. ನೀವು ಒಂದೊಂದಕ್ಕೂ ರಶೀದಿ ಕೊಡಿ."

"ಮೇಷ್ಟ್ರೇ, ಇದರಿಂದ ನಿಮಗೆ ಉಳಿಯುವುದು ನಲವತ್ತೆಂಟು ಪೈಸೆ."

"ಲೆಕ್ಕ ನನಗೆ ಗೊತ್ತುಂಟು. ನೀವು ಬರೆಯಿರಿ."

ಬೆಳಿಗ್ಗೆ ಒಂಬತ್ತಕ್ಕೆ ಕುಳಿತವನು ಮಧ್ಯಾಹ್ನ ಒಂದಕ್ಕೆ ಎದ್ದೆ. ಅಷ್ಟರಲ್ಲಿ ಬೇರೆ ಮೂವರು ರೋಗಿಗಳು ನನ್ನ ತಲೆ ಬಗ್ಗಿದ್ದನ್ನು ನೋಡಿ ಬಿಲ್ಲಿನ ಹಣ ಕೊಡದೆ ಮನೆಗೆ ಹೋಗಿದ್ದರು. ಎರಡು ರಶೀದಿ ಪುಸ್ತಕ ಮುಗಿದವು. ಅವುಗಳ ಬೆಲೆ ಒಂದೂಮುಕ್ಕಾಲು ರೂಪಾಯಿ. ಮೇಷ್ಟ್ರು ರಶೀದಿಗಳನ್ನು ಎಣಿಸಿ ನೋಡಿ, ನೂರ ನಲವತ್ತನೆಯದಕ್ಕೆ ಸಹಿ ಬಿಟ್ಟುಹೋಗಿದೆ ಎಂದು ಮರುದಿನ ಮತ್ತೆ ಬಂದರು.

೩. ಬರೀ ಅಪ್ಪ

ಒಂದು ಹೆರಿಗೆ. ಕಷ್ಟದ್ದು, ಡಾಕ್ಟರು ಚಿಮಟ ಹಾಕಿ ಮಗುವನ್ನು ಎಳೆಯಬೇಕಾಯಿತು. ತಾಯಿ, ಮಗು ಎರಡೂ ಉಳಿದವು. ಬಿಲ್ಲು ಅರವತ್ತು ರೂಪಾಯಿ. ಗಂಡನ ಕೈಗೆ ಕೊಟ್ಟೆ. ಆತ ಅದನ್ನು ಮುಟ್ಟಲೇ ಇಲ್ಲ.

"ನಮ್ಮದು ಅಳಿಯಸಂತಾನ ಅಲ್ವಾ ರೈಟ್ರೇ? ಅವಳು ಅವಳ ತಾಯಿಮನೆಯ ಕುಟುಂಬಕ್ಕೆ ಸೇರಿದವಳು. ಮಗುವೂ ಅವರದ್ದೇ. ಅಲ್ಲಿ ಯಜಮಾನ ಅವಳ ಸೋದರಮಾವ. ಬಿಲ್ಲು ಅವರಿಗೆ ಕೊಡಿ."

"ಹಾಗಾದರೆ ನೀವು ಯಾರು?"

"ನಾನಾ? ನಾನು ಬರೀ ಅಪ್ಪ."

ಬಿಲ್ಲು ಹಿಡಿದು ಕೊಟ್ಟಾರದಲ್ಲಿದ್ದ ಸೋದರಮಾವನ ಮನೆಗೆ ಹೋದೆ. ದೊಡ್ಡ ಮನುಷ್ಯ. ಕೂರಿಸಿದರು, ಬೆಲ್ಲ ನೀರು ಕೊಟ್ಟರು, ಕನ್ನಡಕ ಹಾಕಿ ಒಂದೊಂದು ಸಾಲನ್ನೂ ಓದಿದರು. ಹಾಸಿಗೆ ಹತ್ತು ರೂಪಾಯಿ, ಸರಿ. ಮದ್ದು ಹದಿನೈದು, ಅದೂ ಸರಿ. ಚಿಮಟದ ಮೂವತ್ತೈದಕ್ಕೆ ಬಂದಾಗ ಬೆರಳು ನಿಂತಿತು.

"ಇದು ಎಂತದ್ದು?"

"ಮಗುವಿನ ತಲೆ ದೊಡ್ಡದಿತ್ತು. ಸಿಕ್ಕಿಹಾಕಿಕೊಂಡಿತ್ತು."

ಅವರು ಕನ್ನಡಕ ತೆಗೆದರು. ಒಳಗಿಂದ ತಮ್ಮ ತಂಗಿಯರನ್ನು, ಅವರ ಮಕ್ಕಳನ್ನು, ಒಬ್ಬಳು ಮುದುಕಿಯನ್ನು ಕರೆದು ನನ್ನೆದುರು ಸಾಲಾಗಿ ನಿಲ್ಲಿಸಿದರು.

"ಸರಿಯಾಗಿ ನೋಡಿ ಮಾರಾಯ್ರೆ. ನಮ್ಮ ಕುಟುಂಬದಲ್ಲಿ ಯಾರಿಗಾದರೂ ಅಷ್ಟು ದೊಡ್ಡ ತಲೆ ಉಂಟಾ?"

ನೋಡಿದೆ. ಇರಲಿಲ್ಲ.

"ಮಗು ನಮ್ಮದೇ, ಇಲ್ಲ ಎನ್ನುವುದಿಲ್ಲ. ಆದರೆ ತಲೆ ಅವರ ಕಡೆಯದ್ದು. ಮೂವತ್ತೈದು ಅವರತ್ರ ತೆಗೆದುಕೊಳ್ಳಿ."

ಉಳಿದ ಇಪ್ಪತ್ತೈದನ್ನಾದರೂ ಕೊಡಿ ಎಂದೆ. ತಲೆಯ ತೀರ್ಮಾನ ಆಗದೆ ಮೈಗೆ ಮಾತ್ರ ಹಣ ಕೊಡುವ ಕ್ರಮ ಇಲ್ಲ ಎಂದರು.

೪. ಕೋಳಿ

ಹಣ ಇಲ್ಲದವರಿಂದ ವಸ್ತು ತೆಗೆದುಕೊಳ್ಳಿ ಎಂದು ಡಾಕ್ಟರು ಅಪ್ಪಣೆ ಮಾಡಿದರು. ಪಣಂಬೂರಿನ ಒಬ್ಬ ಮೀನುಗಾರ ನಾಲ್ಕು ರೂಪಾಯಿಯ ಲೆಕ್ಕಕ್ಕೆ ಒಂದು ಹೇಂಟೆ ತಂದುಕೊಟ್ಟ. ಅದು ಹೆಂಗಸರ ವಾರ್ಡಿನ ಮಂಚದ ಅಡಿಯಲ್ಲಿ ಮೊಟ್ಟೆ ಇಡತೊಡಗಿತು. ನರ್ಸ್‌ಬಾಯಿ ಆ ಮೊಟ್ಟೆಯನ್ನು ಬೇಯಿಸಿ ರೋಗಿಗಳಿಗೆ ಕೊಟ್ಟರು. ನಾನು ಮೊಟ್ಟೆಗೆ ಎರಡಾಣೆಯಂತೆ ಬಿಲ್ಲಿಗೆ ಸೇರಿಸಿದೆ. ಅರ್ಥಶಾಸ್ತ್ರ ಓದಿದ್ದು ಮೊದಲ ಸಲ ಪ್ರಯೋಜನಕ್ಕೆ ಬಂತು ಎಂದುಕೊಂಡೆ.

ಎರಡು ತಿಂಗಳ ನಂತರ ಅದೇ ಮೀನುಗಾರನ ಹೆಂಡತಿ ಜ್ವರದಿಂದ ವಾರ್ಡಿಗೆ ಬಂದು ಆರು ದಿನ ಇದ್ದಳು. ಗಂಡ ಬಿಲ್ಲು ಓದಿಸಿಕೊಂಡು ಕೇಳಿದ.

"ಮೊಟ್ಟೆ ಯಾರದ್ದು?"

"ಆಸ್ಪತ್ರೆಯದ್ದು."

"ಕೋಳಿ?"

ಅವನು ವಾರ್ಡಿಗೆ ಹೋಗಿ ಬಾಯಲ್ಲಿ ಏನೋ ಸದ್ದು ಮಾಡಿದ. ಆ ಹೇಂಟೆ ಮಂಚದ ಅಡಿಯಿಂದ ಓಡಿಬಂದು ಅವನ ಕಾಲ ಬಳಿ ನಿಂತಿತು. ಹೆಂಡತಿ, ಕೋಳಿ ಎರಡನ್ನೂ ಕರೆದುಕೊಂಡು ಹೋದ. ಸಾಕ್ಷಿ ಅಷ್ಟು ಗಟ್ಟಿಯಾಗಿದ್ದಾಗ ನಾನು ವಾದಿಸುವವನಲ್ಲ.

೫. ಗೋಣಿ

ಬಿಸು ಬಂತು. ನನ್ನ ಪೆಟ್ಟಿಗೆಯಲ್ಲಿ ನೂರ ಹತ್ತು ರೂಪಾಯಿ ಇತ್ತು. ಧಣಿ ಅದನ್ನು ಎಣಿಸಿ ತೆಗೆದುಕೊಂಡ, ವಾರ್ಡನ್ನೂ ತೆಗೆದುಕೊಂಡ. ಆರು ಮಂಚಗಳನ್ನು ಜಗಲಿಯಲ್ಲಿ ಒಂದರ ಮೇಲೊಂದು ಪೇರಿಸಿದೆವು. ಹಾಲಿನ ತುಂಬ ಕೊಪ್ಪರದ ಗೋಣಿ. ನರ್ಸ್‌ಬಾಯಿ ಅಳಲಿಲ್ಲ. ಗಂಡಸರ ವಾರ್ಡಿನಲ್ಲಿ ಮಲಗಲು ಒಪ್ಪದೆ ಹಿಂದೆ ಹೋಗುವ ಹೆಂಗಸರನ್ನು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದರು. "ಇವತ್ತು ಮೂವರು, ರೈಟ್ರೇ" ಎಂದು ಸಂಜೆ ಬಂದು ಹೇಳುತ್ತಿದ್ದರು. ನಾನು ಅದನ್ನು ಯಾವ ಪುಸ್ತಕದಲ್ಲಿ ಬರೆಯಲಿ?

ಆಟಿ ತಿಂಗಳ ಜಡಿಮಳೆಯಲ್ಲಿ ಧಣಿಯ ತಾಯಿಗೆ ವಿಷಮಜ್ವರ ಬಂತು. ಮುದುಕಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ಗಂಡಸರ ವಾರ್ಡು ನೋಡಿ ಆಕೆ ಕಣ್ಣು ಮುಚ್ಚಿಕೊಂಡಳು.

"ಇವರ ನಡುವೆ ನಾನು ಮಲಗುವುದಿಲ್ಲ. ಹೆಂಗಸರದ್ದು ಎಲ್ಲಿ?"

ಎಲ್ಲರೂ ಧಣಿಯ ಮುಖ ನೋಡಿದೆವು. ಆತ ಕೂಲಿಯವರನ್ನು ಕರೆಸಿ ಎಂಟು ಗೋಣಿಗಳನ್ನು ಜಗಲಿಗೆ ಹಾಕಿಸಿದ. ಆ ಜಾಗದಲ್ಲಿ ಒಂದು ಮಂಚ ಹಿಡಿಯಿತು. ನರ್ಸ್‌ಬಾಯಿ ಇಪ್ಪತ್ತೊಂದು ದಿನ ಕೊಪ್ಪರದ ನಡುವೆ ಓಡಾಡಿ ಮುದುಕಿಯನ್ನು ಬದುಕಿಸಿದರು. ಆಕೆ ದಿನಾ ಮಗನಿಗೆ ಬೈಯುತ್ತಿದ್ದಳು: "ಈ ಗೋಣಿ ತೆಗೆಯೋ. ಹೆಂಗಸರು ಎಲ್ಲಿ ಮಲಗಬೇಕು?" ಮಗ "ನೋಡುವಾ" ಎನ್ನುತ್ತಿದ್ದ. ನರ್ಸ್‌ಬಾಯಿ ಹರಕೆಯ ಮೊಂಬತ್ತಿ ಕೊಂಡು ಇಟ್ಟರು. ಈ ಒಂದು ಸಲ ನನಗೂ ಸ್ವಲ್ಪ ಆಸೆ ಹುಟ್ಟಿತು. ನಾಚಿಕೆಯ ವಿಷಯ, ಆದರೆ ಹುಟ್ಟಿತು.

ಮುದುಕಿ ಮನೆಗೆ ಹೊರಟ ದಿನ ಎಂಬತ್ತನಾಲ್ಕು ರೂಪಾಯಿಯ ಬಿಲ್ಲು ಕೊಟ್ಟೆ. ಧಣಿ ಅದನ್ನು ಎರಡು ಸಲ ಓದಿ, "ನ್ಯಾಯವಾಗಿ ಉಂಟು" ಎಂದ. ನನ್ನ ಜೀವಮಾನದಲ್ಲಿ ಆ ಮಾತು ಕೇಳಿದ್ದು ಅದೊಂದೇ ಸಲ. ಆಮೇಲೆ ಸೊಂಟದಿಂದ ತನ್ನ ಚೀಟಿ ತೆಗೆದ. ಒಂದು ಮಂಚದ ಜಾಗಕ್ಕೆ ಎಂಟು ಗೋಣಿ, ಗೋಣಿಗೆ ದಿನಕ್ಕೆ ಕಾಲು ರೂಪಾಯಿ, ಇಪ್ಪತ್ತೊಂದು ದಿನಕ್ಕೆ ನಲವತ್ತೆರಡು. ಜಗಲಿಯಲ್ಲಿ ಮಳೆಗೆ ಹಾಳಾದ ಕೊಪ್ಪರ ನಲವತ್ತೈದು. ಕೂಲಿ ಮೂರು. ಒಟ್ಟು ತೊಂಬತ್ತು.

"ಗೋಣಿಗೆ ಕಾಲು ರೂಪಾಯಿ ಯಾವ ಊರಿನ ರೇಟು?"

"ಮಳೆಗಾಲದ ರೇಟು."

"ಮಲಗಿದ್ದು ನಿಮ್ಮ ತಾಯಿ!"

"ತಾಯಿಯ ಬಿಲ್ಲಿನಲ್ಲಿ ನೀವು ಎಂತದಾದರೂ ಬಿಟ್ಟಿದ್ದೀರಾ?"

ಬಿಟ್ಟಿರಲಿಲ್ಲ. ಆರು ರೂಪಾಯಿ ನಾವೇ ಅವನಿಗೆ ಕೊಡಬೇಕಾಯಿತು. ಡಾಕ್ಟರು ಪೇಪರ್‌ವೇಟ್ ಎತ್ತಿದರು, ಐದು ಇತ್ತು. "ಧರ್ಮದ ಕೆಲಸ ಮಾಡುವವರು ನೀವು. ಒಂದು ರೂಪಾಯಿ ಬಿಟ್ಟಿದ್ದೇನೆ" ಎಂದ ಧಣಿ.

ನರ್ಸ್‌ಬಾಯಿ ಅವನ ದಾರಿಗೆ ಅಡ್ಡ ನಿಂತರು. "ಧಣಿಗಳೇ, ವಾರ್ಡು?"

"ಕೊಡ್ತೇನೆ ಬಾಯಿ. ಅಮ್ಮನ ಮಾತು ಮೀರಲಿಕ್ಕುಂಟಾ? ಹೆಂಗಸರು ಬಂದ ಹಾಗೆ ಒಂದೊಂದೇ ಮಂಚ ಹಾಕಿ. ಮಂಚಕ್ಕೆ ಎಂಟು ಗೋಣಿಯ ರೇಟು."

ಹೀಗೆ ನಮ್ಮ ಹೆಂಗಸರ ವಾರ್ಡು ಪುನಃ ತೆರೆಯಿತು. ನರ್ಸ್‌ಬಾಯಿ ಮೊಂಬತ್ತಿ ಹಚ್ಚಿ ಬಂದರು. ಸಣ್ಣದನ್ನು, ಅಷ್ಟಕ್ಕೆ ಅಷ್ಟು ಸಾಕು ಎಂದರು. ನಾನು ಬಿಲ್ಲು ಪುಸ್ತಕದಲ್ಲಿ 'ಗೋಣಿ' ಎಂಬ ಹೊಸ ಕಲಂ ಎಳೆದೆ. ಮರುವಾರವೇ ಒಬ್ಬಳಿಗೆ ಕೊಪ್ಪರದ ನಡುವೆ ಹೆರಿಗೆಯಾಯಿತು. ಸುಸೂತ್ರ; ಮಗುವಿನ ತಲೆಯೂ ಸಣ್ಣದು. ಮಗು ಅತ್ತ ಸದ್ದು ಕೇಳಿ ಪಕ್ಕದ ಅಂಗಡಿಯಿಂದ ಧಣಿಯ ಗುಮಾಸ್ತ ಬಂದ. ಬಾಗಿಲಲ್ಲೇ ನಿಂತು ಕತ್ತು ಉದ್ದ ಮಾಡಿ ನೋಡಿದ. ತಾಯಿಗೆ ಕೈಮುಗಿದು, ನನ್ನ ಮೇಜಿಗೆ ಬಂದು, ಎಂಟು ಗೋಣಿ ಎಂದಿದ್ದ ಕಡೆ ಎಂಟೂವರೆ ಎಂದು ತಿದ್ದಿ ಹೋದ.