ಪೈಪಿನೊಳಗಿನ ಮನುಷ್ಯನಿಗೊಂದು ಜಪಸರ

ಕೆಲಸದ ಹೊತ್ತಿನಲ್ಲಿ ಕಣ್ಣು ಮುಚ್ಚಿಕೊಂಡರೆ ಸೋಮಾರಿ ಎನ್ನುತ್ತಾರೆ. ಅದೇ ಇಗರ್ಜಿಯಲ್ಲಿ ಮುಚ್ಚಿಕೊಂಡರೆ ಭಕ್ತ ಎನ್ನುತ್ತಾರೆ. ದಾಂಡೇಲಿಯ ನಮ್ಮ ಇಗರ್ಜಿಯಲ್ಲಿ ನನಗೆ ಭಕ್ತನೆಂಬ ಹೆಸರು ಬಂದದ್ದು ಹೀಗೆಯೇ. ಫಾದರ್ ಪ್ರಸಂಗ ಶುರು ಮಾಡಿದರೆಂದರೆ ನಾನು ಕಣ್ಣು ಮುಚ್ಚಿ ಮೆಲ್ಲಗೆ ಕಿಟಕಿಯಿಂದಾಚೆ ಹೊರಟು, ಕಾಳಿ ಹೊಳೆ ದಾಟಿ, ತೇಗದ ಮರಗಳ ನೆತ್ತಿಯ ಮೇಲೆ ತೇಲತೊಡಗುತ್ತೇನೆ. ಇದು ತಿಳಿಯದ ಫಾದರ್ ಒಂದು ದಿನ ನನ್ನನ್ನು ಕರೆದರು. ಯುವಕ ಸಂಘದವರು ಜೈಲಿನಿಂದ ತಪ್ಪಿಸಿಕೊಳ್ಳುವ ಕೈದಿಯದೊಂದು ಇಂಗ್ಲಿಷ್ ಸಿನಿಮಾವನ್ನು ಇಗರ್ಜಿಯ ಹಾಲಿನಲ್ಲಿ ತೋರಿಸಬೇಕೆಂದು ಹಟ ಹಿಡಿದಿದ್ದರಂತೆ.

“ನೀವು ಗಂಭೀರ ಮನಷ್ಯಾ ಅದೀರಿ. ಮೊದಲ ನೀವು ನೋಡ್ರಿ. ಕ್ರೈಸ್ತ ಕುಟುಂಬ ಕೂಡಿ ಕುಂತು ನೋಡೂಹಂಗ ಐತೋ ಇಲ್ಲೋ, ಬರದು ಕೊಡ್ರಿ,” ಎಂದು ಸಿನಿಮಾದ ಸೀಡಿ ಕೈಗಿಟ್ಟರು.

ಮುಂದಿನ ಭಾನುವಾರ ಊಟವಾದ ಮೇಲೆ ಅಂಬೇವಾಡಿಯ ನಮ್ಮ ಮನೆಯಲ್ಲಿ ನ್ಯಾಯಪೀಠ ಸೇರಿತು. ಮಗಳನ್ನು ಹಾಡಿನ ತಾಲೀಮಿಗೆ ಕಳಿಸಿದೆವು. ನಾನು ನೋಟುಪುಸ್ತಕದಲ್ಲಿ ಹೊಡೆತ, ಕುಡಿತ, ಬೈಗುಳ, ಮುತ್ತು ಎಂದು ನಾಲ್ಕು ಗೆರೆ ಎಳೆದುಕೊಂಡು ಕೂತೆ. ಹೆಂಡತಿ ಸ್ಟೆಲ್ಲಾ ರಿಮೋಟು ಹಿಡಿದಳು. ಇಗರ್ಜಿಯ ಬೆಳಗಿನ ಪೂಜೆಗೆಂದು ಜೋಯಿಡಾ ಕಡೆಯಿಂದ ಬಂದಿದ್ದ ನನ್ನ ಮಾವಶಿ, ಅಂದರೆ ತಾಯಿಯ ತಂಗಿ ನತಾಲಿನ್, ಐದರ ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಗೋಡೆಗೊರಗಿ ಕಾಲು ಚಾಚಿದಳು.

ಮೊದಲ ತೊಡಕು ಬಂದದ್ದು ಬೈಗುಳದ ಗೆರೆಯಲ್ಲಿ. ನನಗೆ ಕನ್ನಡ, ಕೊಂಕಣಿ, ಮರಾಠಿ ಮೂರರಲ್ಲೂ ಬೈಗುಳ ಗೊತ್ತು, ಇಂಗ್ಲಿಷಿನಲ್ಲಿ ಗೊತ್ತಿಲ್ಲ. ಯಾರು ಗಟ್ಟಿಯಾಗಿ ಮಾತಾಡಿದರೂ ಒಂದು ಗುರುತು ಹಾಕುತ್ತ ಹೋದೆ. ಕಾನ್ವೆಂಟಿನಲ್ಲಿ ಓದಿದ ಸ್ಟೆಲ್ಲಾ ಇಣುಕಿ ನೋಡಿ, “ರೀ, ಅದು ಬೈಗುಳ ಅಲ್ರಿ. ಅವ ಕುಡ್ಯಾಕ ನೀರು ಕೇಳಾಕತ್ತಾನ,” ಎಂದಳು. ಹೊಡೆತದ ಲೆಕ್ಕವಾದರೂ ಸರಿ ಇತ್ತೇ? ಜೈಲರು ಹೊಡೆದಾಗ ಒಂದಕ್ಕೆರಡು ಬರೆದೆ. ಕೈದಿ ತಿರುಗಿಸಿ ಕೊಟ್ಟಾಗ ಪೆನ್ನೆತ್ತಲು ಮರೆತು ಚಪ್ಪಾಳೆ ತಟ್ಟಿದೆ.

“ಅವ ಏನ ತಪ್ಪ ಮಾಡ್ಯಾನ ಪುತಾ?” ಎಂದು ಮಾವಶಿ ಕೇಳಿದಳು.

“ಏನೋ ಕದ್ದಾನಂತ.”

ಮಾವಶಿ ಚಾಚಿದ ಕಾಲು ಮಡಚಿ ನೆಟ್ಟಗೆ ಕೂತಳು.

ಕೈದಿ ನೆಲ ಅಗೆದು, ಚರಂಡಿಯ ಪೈಪಿನೊಳಗೆ ಹೊಕ್ಕು, ಮೊಣಕೈ ಊರಿ ತೆವಳತೊಡಗಿದ. ಪೈಪಿನ ತುದಿಯಲ್ಲಿ ಕಾಸಿನಗಲ ಬೆಳಕು ಕಂಡಿತು. ಅಷ್ಟರಲ್ಲಿ ಕರೆಂಟು ಹೋಯಿತು.

ಮನೆಯೊಳಗೆ ಮಧ್ಯಾಹ್ನದ ಮಬ್ಬು. ಫ್ಯಾನು ನಿಧಾನವಾಗಿ ನಿಂತಿತು. ಯಾರೂ ಏಳಲಿಲ್ಲ. ಆ ಮನುಷ್ಯ ನಮ್ಮ ಟಿವಿಯೊಳಗೇ ಸಿಕ್ಕಿಕೊಂಡು ಉಸಿರಾಡುತ್ತಿದ್ದಾನೆಂದು ಮೂವರಿಗೂ ಅನಿಸಿತ್ತು. ಮಾವಶಿ ಚೀಲದಿಂದ ಜಪಸರ ತೆಗೆದಳು. ಸ್ಟೆಲ್ಲಾ ರಿಮೋಟು ಕೆಳಗಿಟ್ಟು ಮೊಣಕಾಲೂರಿದಳು. ನಾನೂ ಊರಿದೆ, ಕಣ್ಣು ಮುಚ್ಚಿದೆ. ಮುಚ್ಚಿದ್ದೇ ತಡ, ಪೈಪಿನ ಆಚೆ ತುದಿ ನಮ್ಮ ಕಾಳಿ ಹೊಳೆಯ ದಂಡೆಯಲ್ಲೇ ತೆರೆದುಕೊಂಡಿತು. ಕೈದಿ ಮುಖ ತೊಳೆದ. ಬಂಡೆಯ ಮೇಲಿನ ಮೊಸಳೆ ಅವನನ್ನು ನೋಡಿಯೂ ನೋಡದ ಹಾಗೆ ಮಲಗಿತು. ಬಿದಿರುಮೆಳೆಯ ನೆರಳಿನಲ್ಲಿ ಅವನು ನಡೆದೇ ನಡೆದ.

ಮೂರು ಸುತ್ತು ಜಪವಾದರೂ ಕರೆಂಟು ಬರಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಮಾವಶಿ ಒಮ್ಮೆಲೇ ಹೇಳಿದಳು: “ನಮ್ಮವರೂ ಮೂರ ತಿಂಗಳ ಜೈಲಿನಾಗ ಇದ್ರು. ಅಡವ್ಯಾಗಿನ ಕಟಗಿ ಕದ್ದಿದ್ದು ಖರೇನ. ಆದ್ರೂ ದಿನಾ ಸಂಜಿಗೆ ಎರಡು ತಾಟು ಇಡ್ತಿದ್ದೆ.” ಹುಟ್ಟಿದಾಗಿನಿಂದ ನೋಡಿದ ಮಾವಶಿಯ ಬಾಯಿಂದ, ತೀರಿಹೋದ ಅವಳ ಗಂಡನ ಈ ಸುದ್ದಿಯನ್ನು ನಾನು ಕೇಳಿದ್ದು ಅಂದೇ ಮೊದಲು. ಬಸ್ಸು ಬಂದಾಗ ಮೊದಲು ಹತ್ತಿ ಅವಳಿಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟೆ.

ಮನೆಗೆ ಮರಳಿದಾಗ ಕರೆಂಟು ಬಂದಿತ್ತು. ಉಳಿದದ್ದನ್ನು ನಾನೂ ಸ್ಟೆಲ್ಲಾಳೂ ನೋಡಿದೆವು. ಪೈಪಿನ ಬಾಯಲ್ಲಿ ಪೊಲೀಸರು ಬಂದೂಕು ಹಿಡಿದು ಕಾಯುತ್ತಿದ್ದರು. ಅವನು ಹೊರಗೆ ಬಂದು, ಒಮ್ಮೆ ಆಕಾಶ ನೋಡಿ, ಗುಂಡೇಟಿಗೆ ಅಲ್ಲೇ ಬಿದ್ದ. ಸ್ಟೆಲ್ಲಾ ಚಹಾಕ್ಕಿಡಲು ಹೋದಳು. ನಾನು ಫಾದರ್‌ಗೆ ನಾಲ್ಕು ಗೆರೆಗಳ ವರದಿ ಬರೆದು ಕೊಟ್ಟೆ. ಕೊನೆಯನ್ನು ಬರೆಯಲು ಮಾತ್ರ ಕೈ ಏಳಲಿಲ್ಲ.

ಎರಡೇ ದಿನಕ್ಕೆ, ಸಂತೆಗೆ ಬಂದಿದ್ದ ಮಾವಶಿಯ ಊರವನೊಬ್ಬ ಬಾಗಿಲಲ್ಲಿ ನಿಂತ. “ಆ ಹುಡುಗ ಹೊರಗ ಬಂದ್ನೋ ಇಲ್ಲೋ ಕೇಳ್ಕೊಂಡು ಬಾ ಅಂದಾರ್ರೀ. ದಿನಾ ಅವನ ಸಲುವಾಗಿ ಜಪಾ ಮಾಡಾಕತ್ತಾರ.” ಇಂಥ ಸುದ್ದಿಯನ್ನು ಪರರ ಕೈಲಿ ಕಳಿಸಬಾರದೆಂದು, ಮುಂದಿನ ಭಾನುವಾರ ನಾನೇ ಬಸ್ಸು ಹತ್ತಿದೆ. ಸತ್ಯ ಹೇಳುವುದೆಂದು ಜೋಯಿಡಾದವರೆಗೂ ಗಟ್ಟಿ ಮನಸ್ಸಿತ್ತು. ಮಾವಶಿ ಅಂಗಳದಲ್ಲಿ ಭತ್ತ ಹರವುತ್ತಿದ್ದವಳು, ನನ್ನನ್ನು ಕಂಡು ಕೈ ಅಲ್ಲೇ ನಿಲ್ಲಿಸಿ ಮುಖ ನೋಡಿದಳು.

“ಪಾರಾದ ಮಾವಶಿ,” ಎಂದುಬಿಟ್ಟೆ.

“ಎಲ್ಲಿಗೆ ಹೋದ?”

“ಅನಮೋಡ ಘಾಟಿನ ಮ್ಯಾಲೆ ಹಾದು ಗೋವಾಕ್ಕ.”

“ಗಡಿ ನಾಕಾದಾಗ ಪೊಲೀಸರು ಹಿಡೀಲಿಲ್ಲ?”

“ಅಲ್ಲಿ ಕಾಯಾವ ನಿದ್ದಿ ಹೊಡ್ಯಾಕತ್ತಿದ್ದ.”

“ಉಂಡ್ನೋ ಇಲ್ಲೋ?”

ಉಣ್ಣಿಸಿದೆ. ಮೀನು ಸಾರು, ಕುಚ್ಚಲಕ್ಕಿ ಅನ್ನ. ಆಮೇಲೆ ಅವನಿಗೊಂದು ದೋಣಿ ಕೊಡಿಸಿದೆ, ಹೊಳೆದಂಡೆಯಲ್ಲಿ ಹಂಚಿನ ಮನೆ ಕಟ್ಟಿಸಿದೆ, ಬಾಗಿಲಲ್ಲಿ ಕಾಯುವ ಹೆಂಡತಿಯನ್ನು ನಿಲ್ಲಿಸಿದೆ. ಮಾವಶಿ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋಗಿ ನನಗೂ ಊಟಕ್ಕಿಟ್ಟಳು. ಅಷ್ಟು ರುಚಿಯಾದ ಊಟ ನಾನು ಬೇರೆಲ್ಲೂ ಉಂಡಿಲ್ಲ.

ಆದರೂ ಸುಳ್ಳು ಸುಳ್ಳೇ. ಶನಿವಾರ ಪಾಪನಿವೇದನೆಗೆ ಹೋಗಿ, ಜಾಲರಿಯ ಈಚೆ ಮೊಣಕಾಲೂರಿ ದೋಣಿ, ಮೀನು ಸಾರು ಸಮೇತ ಎಲ್ಲವನ್ನೂ ಒಪ್ಪಿಸಿದೆ. ಆಚೆ ಕಡೆ ಫಾದರ್ ಕುರ್ಚಿಯನ್ನು ಮುಂದಕ್ಕೆಳೆದುಕೊಂಡ ಸದ್ದಾಯಿತು. ಪ್ರಾಯಶ್ಚಿತ್ತ ದೊಡ್ಡದೇ ಇರಬೇಕೆಂದು ತಲೆ ಬಗ್ಗಿಸಿದೆ. ಫಾದರ್ ದನಿ ಸಣ್ಣಗೆ, ಮಕ್ಕಳ ದನಿಯಂತೆ ಬಂತು: “ಹಂಗಾರ ಅವ ಖರೇನ ಪಾರಾಗಲಿಲ್ಲೇನ್ರಿ?”

ಆ ದನಿ ಕೇಳಿ ನನಗೆ ತಡೆಯಲಾಗಲಿಲ್ಲ.

“ಎರಡನೇ ಭಾಗದಾಗ ಬದುಕಿ ಎದ್ದು ಪಾರಾಗ್ತಾನಂತ್ರಿ ಫಾದರ್,” ಎಂದೆ. ಎರಡನೇ ಭಾಗವೊಂದು ಇದೆಯೆಂದು ನನಗೆ ಯಾರೂ ಹೇಳಿರಲಿಲ್ಲ.

ಪಾಪ ಕ್ಷಮೆಯಾಯಿತು. ಹೊರಗೆ ಬಂದವನು ನೆಟ್ಟಗೆ ಮನೆಗೆ ಹೋಗದೆ, ಮತ್ತೆ ಪಾಪನಿವೇದನೆಯ ಸಾಲಿನ ಕೊನೆಗೆ ಹೋಗಿ ನಿಂತೆ.