ಇನ್ನೊಂದು ಸಲ ಒತ್ತಿ ನೋಡಿ

ಆ ದಿನ ಗ್ರಂಥಪಾಲಕರು ಬಾಗಿಲು ತೆಗೆದವರೇ ಕಿಟಕಿ ತೆರೆಯಲಿಲ್ಲ, ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಲಿಲ್ಲ. ನೇರವಾಗಿ ಹೋಗಿ ಕಂಪ್ಯೂಟರಿನ ಮುಂದೆ ಕೂತರು. ಇಲಾಖೆಯ ವರ್ಗಾವಣೆ ಪುಟ ತೆರೆದಿರುವುದು ಅದೊಂದೇ ದಿನ, ಅದೂ ಕಚೇರಿ ಮುಚ್ಚುವವರೆಗೆ. ಹೆಂಡತಿ ನರ್ಸ್ ಆಗಿರುವ ಊರಿನ ಗ್ರಂಥಾಲಯದಲ್ಲಿ ಒಂದೇ ಒಂದು ಜಾಗ ಖಾಲಿ ಬಿದ್ದಿತ್ತು.

ಮದುವೆಯಾದಾಗಿನಿಂದ ಇಬ್ಬರದೂ ಎರಡು ಊರು, ಎರಡು ಒಲೆ. ಮಾತು ಕಲಿಯುತ್ತಿದ್ದ ಮಗಳ ಪಾಲಿಗೆ ಅಪ್ಪ ಎಂದರೆ ಫೋನಿನೊಳಗೆ ವಾಸಿಸುವ ಒಂದು ಜೀವಿ. ಹಿಂದಿನ ಸಲ ಹೋದಾಗ ಅವಳು ಎದುರಿಗೆ ನಿಂತ ಇವರನ್ನು ಬಿಟ್ಟು ಇವರ ಕೈಯಲ್ಲಿದ್ದ ಫೋನಿಗೆ ಮುತ್ತು ಕೊಟ್ಟಿದ್ದಳು. ಎಲ್ಲರೂ ನಕ್ಕರು. ಇವರೂ ನಕ್ಕು, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರು.

ಪುಟದ ವಿಳಾಸ ಹಾಕಿದರು. ಮೇಲ್ಗಡೆ ಇಲಾಖೆಯ ನಿರ್ದೇಶಕರ ಫೋಟೊದಲ್ಲಿ ಹಣೆಯಷ್ಟೇ ಕಾಣಿಸಿತು. ಹುಬ್ಬು ಮೂಡುವಷ್ಟರಲ್ಲಿ, ಹರಿದ ಪುಸ್ತಕಗಳಿಗೆ ರಟ್ಟು ಹಾಕುವ ಬೈಂಡಿಂಗ್ ಅಕ್ಕ ಕೆಲಸಕ್ಕೆ ಬಂದರು. ಕಣ್ಣು ಮೂಡುವಷ್ಟರಲ್ಲಿ ಅಕ್ಕ ಅಂಟು ಕಲಸಿ ಒಂದು ನಿಘಂಟನ್ನು ಹೊಲಿದು ಮುಗಿಸಿದ್ದರು. ಮೂಗಿನ ತುದಿಗೆ ಬಂದು ಎಲ್ಲವೂ ನಿಂತುಹೋಯಿತು. ನಡುವೆ ಪುಟ್ಟ ಚಕ್ರವೊಂದು, ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ, ಎಲ್ಲಿಗೂ ಹೋಗದೆ ಸುತ್ತತೊಡಗಿತು.

ದಿನವೂ ಬಂದು ಪತ್ರಿಕೆಯ ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದುವ ನಿವೃತ್ತ ಗಣಿತದ ಮೇಷ್ಟ್ರು, ಪತ್ರಿಕೆ ಸಿಗದೆ ಇತ್ತ ಮೂಗು ತೂರಿಸಿದರು. ಇಂಥದ್ದಕ್ಕೆಲ್ಲ ಒಂದೇ ಮದ್ದು, ಮುಚ್ಚಿ ಮತ್ತೆ ತೆರೆಯುವುದು ಎಂದರು. ಗ್ರಂಥಪಾಲಕರು ಮುಚ್ಚಿ ತೆರೆದರು. ಮತ್ತೆ ಹಣೆಯಿಂದ ಶುರುವಾಯಿತು.

ಓದುವ ಕೋಣೆಯ ಫೋನುಗಳೇ ಇಂಟರ್ನೆಟ್ಟನ್ನೆಲ್ಲ ಹೀರುತ್ತಿವೆ ಎಂಬುದು ಅಕ್ಕನ ತೀರ್ಮಾನ. ಪರೀಕ್ಷೆಗೆ ಓದುತ್ತಿದ್ದವರ ಫೋನುಗಳನ್ನೆಲ್ಲ ಆಫ್ ಮಾಡಿಸಿದರು. ಮಾಡಲು ಬೇರೇನೂ ಇಲ್ಲದ್ದರಿಂದ ಅವರೆಲ್ಲ ಎದ್ದು ಬಂದು ಕಂಪ್ಯೂಟರಿನ ಸುತ್ತ ನಿಂತರು. ಕಿಟಕಿಯ ಹತ್ತಿರ ಸಿಗ್ನಲ್ ಚೆನ್ನಾಗಿರುತ್ತದೆ ಎಂದು ಯಾರೋ ಅಂದರು. ನಾಲ್ಕು ಜನ ಸೇರಿ ಮೇಜನ್ನೇ ಎತ್ತಿದರು. ಗಿಡ್ಡನೆಯ ವೈರು ಗೋಡೆಯಿಂದ ಕಿತ್ತು ಬಂತು, ಪರದೆ ಕಪ್ಪಾಯಿತು.

ಮತ್ತೆ ಹಣೆ. ಮತ್ತೆ ಹುಬ್ಬು. ವರ್ಷಗಟ್ಟಲೆ ಇತರರ ಪಿಸುಮಾತಿಗೂ ಕಣ್ಣು ಕೆಂಪಗೆ ಮಾಡುತ್ತಿದ್ದ ಗ್ರಂಥಪಾಲಕರು ಮೇಜು ಗುದ್ದಿ ಕೂಗಾಡಿದರು. ಕನ್ನಡಕದ ಹುಡುಗಿಯೊಬ್ಬಳು ಗೋಡೆಯ ಮೇಲಿನ ‘ಮೌನ’ ಎಂಬ ಫಲಕವನ್ನು ಅವರಿಗೆ ತೋರಿಸಿದಳು.

ಮಧ್ಯಾಹ್ನ ಹೆಂಡತಿಯ ಫೋನು ಬಂತು.

“ಆಯ್ತೇನ್ರೀ?”

“ತಿರುಗ್ತಾ ಇದೆ.”

“ಏನು ತಿರುಗ್ತಾ ಇದೆ?”

“ಚಕ್ರ.”

“ಪಕ್ಕದ ಮನೆಯವರಿಗೆ, ಇನ್ಮೇಲೆ ನಮ್ಮವರೂ ಇಲ್ಲೇ ಇರ್ತಾರೆ ಅಂತ ಹೇಳಿಬಿಟ್ಟಿದ್ದೀನಿ. ಸ್ವಲ್ಪ ನೋಡ್ಕೊಂಡು ಮಾಡಿ,” ಎಂದು ಇಟ್ಟಳು.

ಕಚೇರಿ ಮುಚ್ಚಲು ಇನ್ನೇನು ಸ್ವಲ್ಪವೇ ಹೊತ್ತು ಉಳಿದಿದೆ ಎನ್ನುವಾಗ ಪುಟ ಇದ್ದಕ್ಕಿದ್ದಂತೆ ಪೂರ್ತಿ ತೆರೆದುಕೊಂಡಿತು. ಗ್ರಂಥಪಾಲಕರು ಎಲ್ಲ ತುಂಬಿ ‘ಕಳುಹಿಸು’ ಎಂಬ ಗುಂಡಿ ಒತ್ತಿದರು. ಗುಂಡಿ ಬಿಳಿಚಿಕೊಂಡಿತು. ಚಕ್ರ ಮರಳಿ ಬಂತು. ಪುಟ ಉತ್ತರಿಸುತ್ತಿಲ್ಲ, ಕಾಯುವಿರೋ ಮುಚ್ಚುವಿರೋ ಎಂದು ಕಂಪ್ಯೂಟರು ಕೇಳಿತು. ಕಾಯುವೆ ಎಂದರು. ಮದುವೆಯಾದಾಗಿನಿಂದ ಮಾಡಿದ್ದು ಅದನ್ನೇ.

“ನೀವು ಒತ್ತಿದ್ದು ಮೆತ್ತಗಾಯ್ತು ಸಾರ್,” ಅಂದರು ಅಕ್ಕ. “ಇನ್ನೊಂದು ಸಲ ಒತ್ತಿ ನೋಡಿ.”

ಒತ್ತಿದರು. ಏನೂ ಆಗಲಿಲ್ಲ. ಮೇಷ್ಟ್ರು ಒತ್ತಿದರು. ರಟ್ಟು ಒತ್ತಿ ಒತ್ತಿ ಗಟ್ಟಿಯಾದ ಹೆಬ್ಬೆರಳಿನಿಂದ ಅಕ್ಕ ಒತ್ತಿದರು. ಕನ್ನಡಕದ ಹುಡುಗಿ, ಅವಳ ಹಿಂದಿದ್ದವರು, ಪುಸ್ತಕ ಹಿಂತಿರುಗಿಸಲು ಬಂದಿದ್ದ ಅಪರಿಚಿತರೂ ಕೈಲಾದಷ್ಟು ಒತ್ತಿ ಉಪಕಾರ ಮಾಡಿದರು.

ಆಗ ಗ್ರಂಥಪಾಲಕರ ಫೋನು ಟಿಂಗ್ ಎಂದಿತು. ‘ನಿಮ್ಮ ಅರ್ಜಿ ಸ್ವೀಕೃತವಾಗಿದೆ. ನೀವು ಕೋರಿದ ಜಾಗ ನಿಮಗೆ ಮೀಸಲು.’ ಅವರ ಕಣ್ಣು ತುಂಬಿ ಬಂತು. ಮೇಷ್ಟ್ರು ಕೈ ಕುಲುಕಿದರು. ಕುಲುಕುತ್ತಿರುವಾಗಲೇ ಮತ್ತೆ ಟಿಂಗ್. ‘ನಿಮ್ಮ ಅರ್ಜಿಯನ್ನು ನೀವು ಹಿಂಪಡೆದಿದ್ದೀರಿ.’

ಕೇಂದ್ರ ಕಚೇರಿಗೆ ಫೋನು ಮಾಡಿದರು. ಅಲ್ಲಿನ ಗುಮಾಸ್ತ ಆಕಳಿಸುತ್ತ ವಿವರಿಸಿದ. ಮೊದಲನೇ ಸಲ ಒತ್ತಿದಾಗಲೇ ಅರ್ಜಿ ಬಂದು ತಲುಪಿದೆ. ತಲುಪಿದ ಕೂಡಲೇ ‘ಕಳುಹಿಸು’ ಗುಂಡಿಯೇ ‘ಹಿಂಪಡೆ’ ಗುಂಡಿ ಆಗುತ್ತದೆ, ಇನ್ನೊಮ್ಮೆ ಒತ್ತಿದರೆ ಮತ್ತೆ ‘ಕಳುಹಿಸು’. ಪುಟ ನಿಧಾನವಾದ್ದರಿಂದ ಇವರಿಗೆ ಕಂಡಿಲ್ಲ, ಅಷ್ಟೇ.

ಫೋನು ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ಸ್ವೀಕೃತ. ಹಿಂಪಡೆದಿದ್ದೀರಿ. ಸ್ವೀಕೃತ. ಹಿಂಪಡೆದಿದ್ದೀರಿ.

“ಬೆಸ ಆದ್ರೆ ಸಿಕ್ತು, ಸಮ ಆದ್ರೆ ಹೋಯ್ತು,” ಅಂದರು ಮೇಷ್ಟ್ರು ಗಂಭೀರವಾಗಿ. “ಒಟ್ಟು ಎಷ್ಟು ಸಲ ಒತ್ತಿದ್ವಿ?” ಯಾರೂ ಎಣಿಸಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಬೆರಳನ್ನು ನೋಡಿಕೊಂಡರು.

ಕೊನೆಗೆ ಫೋನು ಸುಮ್ಮನಾಯಿತು. ಅದರ ಪರದೆಯ ಮೇಲೆ ನಿಂತಿದ್ದು: ಸ್ವೀಕೃತ. ಎಲ್ಲರೂ ಕಾದರು. ಏನೂ ಬರಲಿಲ್ಲ. ಗೋಡೆಯ ಗಡಿಯಾರದಲ್ಲಿ ಕಚೇರಿ ಮುಚ್ಚುವ ಹೊತ್ತಾಯಿತು. “ಬೆಸ,” ಎಂದು ಮೇಷ್ಟ್ರು ಕುರ್ಚಿಗೆ ಒರಗಿದರು.

ಗ್ರಂಥಪಾಲಕರು ಹೆಂಡತಿಗೆ ಫೋನು ಮಾಡಿ ‘ಸಿಕ್ತು’ ಎಂಬ ಒಂದೇ ಮಾತು ಹೇಳಿದರು. ಆ ಕಡೆ ಅವಳು ಅಳುತ್ತಲೋ ನಗುತ್ತಲೋ ಮಾತಾಡತೊಡಗಿದಳು. ಕಪಾಟಿನಲ್ಲಿ ಮೇಲಿನ ಅರೆ ಅವರಿಗೆ, ಮಗಳನ್ನು ಅಂಗನವಾಡಿಗೆ ಬಿಡುವ ಕೆಲಸ ಇನ್ನು ಅವರದ್ದೇ.

ಇತ್ತ ಬೈಂಡಿಂಗ್ ಅಕ್ಕ ಮೇಷ್ಟ್ರ ಕಿವಿಯ ಹತ್ತಿರ ಬಗ್ಗಿದರು. “ಮೊದಲು ಸ್ವೀಕೃತ ಅಂತ ಬಂತಲ್ಲ, ಅವಾಗ ಗಟ್ಟಿಯಾಗ್ಲಿ ಅಂತ ಇನ್ನೊಂದು ಸಲ ಒತ್ತಿದ್ದೆ. ಅದೂ ಲೆಕ್ಕಕ್ಕೆ ಬರುತ್ತಾ?”

ಗ್ರಂಥಪಾಲಕರು ಕಿವಿಗೆ ಹಿಡಿದಿದ್ದ ಫೋನು ಒಮ್ಮೆ ನಡುಗಿತು. ತೆಗೆದು ನೋಡಿದರು. ‘ನಿಮ್ಮ ಅರ್ಜಿಯನ್ನು ನೀವು ಹಿಂಪಡೆದಿದ್ದೀರಿ. ಅವಧಿ ಮುಗಿದಿದೆ. ಇರುವ ಸ್ಥಳದಲ್ಲೇ ಸೇವೆ ಮುಂದುವರಿಸುವ ನಿಮ್ಮ ದೃಢ ನಿರ್ಧಾರವನ್ನು ಇಲಾಖೆ ಮೆಚ್ಚಿದೆ. ಮುಂದಿನ ಮೂರು ವರ್ಷ ನಿಮ್ಮನ್ನು ಅಲ್ಲಿಂದ ಕದಲಿಸುವುದಿಲ್ಲ.’

“ರೀ, ಕೇಳಿಸ್ತಿದ್ಯಾ?” ಅನ್ನುತ್ತಿದ್ದಳು ಹೆಂಡತಿ. “ಯಾಕೆ ಸುಮ್ಮನಾಗ್ಬಿಟ್ರಿ?”

ಅವರು ಸಂದೇಶವನ್ನು ಮತ್ತೆ ಮೊದಲಿನಿಂದ ಓದುತ್ತಿದ್ದರು.

“ನೆಟ್‌ವರ್ಕ್ ಹೋಯ್ತು ಅನ್ಸುತ್ತೆ,” ಎಂದು ಮಗಳಿಗೆ ಹೇಳುತ್ತ ಅವಳು ಸಂತೋಷದಿಂದಲೇ ಫೋನು ಇಟ್ಟಳು.